ಬೀರಪ್ಪನ ಕಾವಲಿಗೆ ಹುಲ್ಲೆ ಬಂದದ್ದು

ಒಂದಾನೊಂದು ಕಾಲದಲ್ಲಿ, ದೇವರು ಮನುಷ್ಯರ ಜೊತೆ ಇನ್ನೂ ಬಾಯಿಬಿಟ್ಟು ಮಾತಾಡ್ತಿದ್ದ ಕಾಲದಲ್ಲಿ ಕಣೋ ಮರಿ, ಬಯಲುಸೀಮೆಯಲ್ಲಿ ಒಂದು ಕುರಿಹಟ್ಟಿ ಇತ್ತಂತೆ. ಹಟ್ಟಿ ಮುಂದೆ ಕಣ್ಣು ಹಾಯೋವರೆಗೂ ಹುಲ್ಲುಗಾವಲು, ನಡುವೆ ಬೀರಪ್ಪನ ಗುಡಿ. ಒಂದು ಕಡೆ ಕುರಿ, ಒಂದು ಕಡೆ ಹುಲ್ಲೆ ಹಿಂಡು, ಒಂದೇ ಮನೆಯೋರ ಹಾಗೆ ಮೇಯ್ತಿದ್ದವಂತೆ. ಆಮೇಲೆ ಯಾವ ಸೀಮೆಯದೋ ಒಂದು ಮುಳ್ಳುಜಾಲಿ ಬಂತು. ಬಂದದ್ದು ಹಬ್ಬಿತು, ಹಬ್ಬಿ ಹುಲ್ಲನ್ನೆಲ್ಲ ನುಂಗಿತು, ಹುಲ್ಲೆಗಳು ಎತ್ತಲೋ ಹೋದವು, ಕುರಿಗಳ ಪಕ್ಕೆಲುಬು ಎಣಿಸೋ ಹಾಗಾಯ್ತಂತೆ.

ಹಟ್ಟಿ ಗೌಡ ಹೇಳಿದನಂತೆ, ಗಂಟುಮೂಟೆ ಕಟ್ಟಿ, ಕೆರೆಸೀಮೆಗೆ ಹೋಗಿಬಿಡೋಣ. ಆ ಹಟ್ಟಿಯಲ್ಲೇ ಕೆಂಚವ್ವ ಅಂತ ಒಬ್ಬಳು, ಮೂರು ಗಂಡುಮಕ್ಕಳ ತಾಯಿ. ಅವಳು ಕೇಳಿದಳು, ಮತ್ತೆ ಬೀರಪ್ಪ? ಅವನು ಕಲ್ಲು ಕಣವ್ವ, ಕತ್ತೆ ಮೇಲೆ ಹೇರೋಕಾಗುತ್ತಾ, ವರ್ಷಕ್ಕೊಂದು ಸಲ ಬಂದು ಕಾಯಿ ಒಡೆದರಾಯ್ತು ಅಂದ ಗೌಡ. ಹೆತ್ತಪ್ಪನನ್ನ ಬಯಲಲ್ಲಿ ಬಿಟ್ಟು ಹೋಗೋದಾ ಅಂತ ಕೆಂಚವ್ವ ಅಲ್ಲಿಂದ ಎದ್ದಳಂತೆ. ಗುಡಿ ಮುಂದೆ ಸೆರಗೊಡ್ಡಿ ನಿಂತಳು. ಆಗ ಪೂಜಾರಿ ಮೈಮೇಲೆ ದೇವರು ಬಂದು, ಹುಲ್ಲೆ ನನ್ನ ಬಾಗಿಲಲ್ಲಿ ಮೇಯ್ದರೆ ನಾನೂ ಇರ್ತೀನಿ, ನಿಮ್ಮನ್ನೂ ಇರಿಸ್ಕೋತೀನಿ ಅಂದನಂತೆ. ಗೌಡನೂ ಕೈಮುಗಿದು, ಆಗಲಿ, ಮೂರು ಮಳೆಗಾಲ ನೋಡ್ತೀನಿ, ಆಮೇಲೆ ಕತ್ತೆ ಹೇರೋದೇ ಅಂದ.

ದೊಡ್ಡಮಗ ಮಾಳಿಂಗ ಕೊಡಲಿ ತಗೊಂಡು ಜಾಲಿ ಕಡಿದನಂತೆ. ಮಳೆ ಬಂತು, ಒಂದೊಂದು ಬುಡಕ್ಕೂ ಗೊಂಚಲು ಗೊಂಚಲಾಗಿ ಚಿಗುರಿತು. ನಡುವಿನ ಮಗ ಸಿದ್ದ, ಅಣ್ಣನಿಗೆ ತೋಳಿದೆ, ತಲೆ ಇಲ್ಲ ಅಂತ ನಕ್ಕು, ಬೇಸಿಗೆಯಲ್ಲಿ ಬೆಂಕಿ ಹಚ್ಚಿದನಂತೆ. ಮಳೆ ಬಂತು, ಬೂದಿಯೊಳಗಿಂದ ರಾಗಿ ಪೈರಿನ ಹಾಗೆ ಜಾಲಿ ಸಸಿ ಎದ್ದವು. ಈಗ ಯಾರಿಗಪ್ಪ ತಲೆ ಇಲ್ಲ ಅಂತ ಮಾಳಿಂಗ ಕೇಳಿದ್ದಕ್ಕೆ ಸಿದ್ದ ಆ ಕಡೆ ತಿರುಗಿ ಕೂತನಂತೆ.

ಕೆಂಚವ್ವ ಕಾವಲೆಲ್ಲ ಸುತ್ತಿದಳು. ನೋಡ್ತಾಳೆ, ಕುರಿಮಂದೆ ತಂಗಿದ ಜಾಗದಲ್ಲೇ ಸಸಿ ದಟ್ಟ. ಕೂತು ಒಂದು ಕುರಿಹಿಕ್ಕೆ ಹಿಸುಕಿದಳಂತೆ, ಒಳಗೆ ಜಾಲಿ ಬೀಜ, ಆಗಲೇ ಮೊಳಕೆ ಒಡೆದಿದೆ. ಬೇಸಿಗೆಯಲ್ಲಿ ಮೇವಿಲ್ಲ ಅಂತ ಜಾಲಿಕಾಯಿ ಬಡಿದು ಕುರಿಗೆ ತಿನ್ನಿಸ್ತಿದ್ದೋರು ಅವರೇ ತಾನೆ. ಅಪ್ಪಾ ಬೀರಪ್ಪ, ನಿನ್ನ ಮನೆ ಮುಂದೆ ಮುಳ್ಳು ಬಿತ್ತಿದೋರು ನಾವೇ ಅಂತ ಗಲ್ಲ ಬಡ್ಕೊಂಡಳಂತೆ.

ಆಮೇಲೆ ಮನೆಮನೆಗೂ ಹೋದಳು. ಕಾಯಿ ಉದುರೋ ಹೊತ್ತಲ್ಲಿ ಕುರೀನ ರೊಪ್ಪದಲ್ಲೇ ಕೂಡಿ ಹುರುಳಿ ಹೊಟ್ಟು ಹಾಕಿ, ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಜಾಲೀನ ಬೇರುಸಮೇತ ಅಗೀರಿ, ಗುಡಿ ಸುತ್ತಲ ಹುಲ್ಲು ಬೀಜ ಉದುರೋವರೆಗೆ ದೇವರ ಮೀಸಲು. ಹೊಸ ರಾಗಿ ಮನೆಗೆ ಬಂದರೆ ಮೀಸಲು ತೆಗೆಯದೆ ಉಣ್ತೀವಾ, ಹುಲ್ಲಿಗೂ ಹಾಗೇ ಅಂದಳು. ಹೊಟ್ಟು ನಿಮ್ಮಪ್ಪ ಕೊಡ್ತಾನೇನವ್ವ ಅಂದಳಂತೆ ಒಬ್ಬಳು. ನಮ್ಮೆಲ್ಲರಪ್ಪ ಕೊಡ್ತಾನೆ, ಅಲ್ಲೀವರೆಗೆ ನನ್ನ ಮನೇದು ತಗೋ ಅಂತ ಕೆಂಚವ್ವ ತಾನೇ ಹೊತ್ತು ತಂದು ಹಾಕಿದಳು. ಅದನ್ನ ನೋಡಿ ಹಟ್ಟಿಗೆ ಹಟ್ಟಿಯೇ ಗುದ್ದಲಿ ಹಿಡೀತಂತೆ.

ಮೂರನೇ ಮಳೆಗೆ ಹುಲ್ಲೆದ್ದಿತು, ಮೊಣಕಾಲು ಮುಚ್ಚೋಷ್ಟು. ಹುಲ್ಲೆಗಳು ದೂರದಲ್ಲಿ ಕಂಡವು, ಕುರಿನಾಯಿಗಳು ಅಟ್ಟಿಬಿಟ್ಟವು. ಕೆಂಚವ್ವ ಕಿರಿಮಗ ಭರಮನಿಗೆ, ನಾಯೀನ ರಾತ್ರಿ ರೊಪ್ಪಕ್ಕೆ ಬಿಡು, ಹಗಲು ಹಗ್ಗ ಹಾಕು ಅಂದಳು. ತೋಳಕ್ಕೆ ಎಲೆ ಹಾಕಿ ಬಡಿಸಿದ ಹಾಗಾಗುತ್ತೆ ಕಣವ್ವ ಅಂದ ಅವನು. ಆದರೂ ಕಟ್ಟಿದ. ಒಂದು ಮಧ್ಯಾಹ್ನ ತೋಳ ಬಂದು ಕೆಂಚವ್ವನದೇ ಮರಿ ಹೊತ್ತೊಯ್ತಂತೆ. ಭರಮ ಹಗ್ಗ ಬಿಚ್ಚೋಕೆ ಹೋದ, ಅವಳು ಕೈ ಹಿಡಿದಳು. ಹುಲ್ಲೆ ಇಲ್ಲದ್ದಕ್ಕೆ ಅದು ನಮ್ಮ ಮರಿಗೆ ಬಂತು ಮಗ, ಅದನ್ನೂ ಬೀರಪ್ಪನೇ ಹುಟ್ಟಿಸಿದ್ದು ಅಂದಳು. ಕಣ್ಣಲ್ಲಿ ನೀರು ಸುರೀತಿತ್ತು, ಹಿಡಿದ ಕೈ ಬಿಡಲಿಲ್ಲವಂತೆ.

ಮಳೆಗಾಲ ಮುಗೀತು. ಗೌಡ ಕತ್ತೆಗಳ ಮೇಲೆ ಗಂಟು ಹೇರಿಸಿದ. ಕೆಂಚವ್ವ ಗುಡಿ ಕಟ್ಟೆ ಬಿಟ್ಟು ಏಳಲಿಲ್ಲ. ಆಗ ಬಂತಂತೆ ನೋಡು, ಒಂದು ತಾಯಿಹುಲ್ಲೆ, ಹಿಂದೆ ಅದರ ಮರಿ. ಮೇಯ್ತಾ ಮೇಯ್ತಾ ಬೀರಪ್ಪನ ಬಾಗಿಲಿಗೇ ಬಂತು. ಅಷ್ಟರಲ್ಲಿ ಹಾಳು ಕತ್ತೆಯೊಂದು ಅರಚಿತು. ಹಟ್ಟಿಯೆಲ್ಲ ಉಸಿರು ಹಿಡ್ಕೊಂಡು ನಿಂತರು. ಹುಲ್ಲೆ ತಲೆ ಎತ್ತಿ ಎಲ್ಲರನ್ನೂ ಒಂದು ಸಲ ನೋಡಿ, ಮತ್ತೆ ಹುಲ್ಲಿಗೆ ಬಾಯಿ ಹಾಕಿತಂತೆ.

ಗೌಡ ಸದ್ದಾಗದ ಹಾಗೆ ಹೋಗಿ ಕತ್ತೆ ಬೆನ್ನಿನ ಗಂಟು ತಾನೇ ಬಿಚ್ಚಿದನಂತೆ. ಆಮೇಲೆ ಕುರಿ, ಹುಲ್ಲೆ, ಹಟ್ಟಿ, ದೇವರು ಎಲ್ಲರೂ ಅಲ್ಲೇ ಸುಖವಾಗಿದ್ದರಂತೆ. ಅಲ್ಲಿಗೆ ಕತೆ ಮುಗೀತು ಮರಿ, ಬೀರಪ್ಪನಿಗೊಂದು ಕೈಮುಗಿದು ಮಲಕ್ಕೋ.