ಅಂಗಳದ ರಸಮಟ್ಟ

"ಒಬ್ಬನ ಮೇಲೆ ಅನುಮಾನ ಬಂದಿದೆ, ಅಜ್ಜಾರೇ. ಎಷ್ಟು ಸಲ ಒರೆಗೆ ಹಚ್ಚಿದರೂ ಅವನು ಖೋಟಾ ಎಂದೇ ಕಾಣುತ್ತದೆ. ಇನ್ನು ನಂಬುವುದು ಹೇಗೆ?"

ಮಠದ ಸ್ವಾಮಿಗಳಾದ ಅಜ್ಜನವರನ್ನು ಹೀಗೆ ಕೇಳಿದವನು ಶಿಷ್ಯ ಅಡವಯ್ಯ. ಅನುಮಾನ ಅವನ ಜೊತೆಯ ಶಿಷ್ಯ ಕಲ್ಲಯ್ಯನ ಮೇಲೆ. ಇಬ್ಬರೂ ಎಳೆಯ ವಯಸ್ಸಿನಲ್ಲೇ ಮಠ ಸೇರಿ, ಒಂದೇ ಪಂಕ್ತಿಯಲ್ಲಿ ಉಂಡು ಬೆಳೆದವರು. ದಾಸೋಹದ ಉಗ್ರಾಣದ ಬೀಗದ ಕೈ ಮೊದಲು ಅಡವಯ್ಯನ ಉಡಿದಾರದಲ್ಲಿ ತೂಗುತ್ತಿತ್ತು. ಯುಗಾದಿ ಕಳೆದ ಮೇಲೆ ಅಜ್ಜನವರು ಅದನ್ನು ಬಿಚ್ಚಿಸಿ ಕಲ್ಲಯ್ಯನಿಗೆ ಕೊಟ್ಟಿದ್ದರು. ಆಮೇಲೆ ಅಡವಯ್ಯನ ಕಣ್ಣಿಗೆ ಬಿದ್ದದ್ದು ಒಂದೇ ಎರಡೇ! ಉಗ್ರಾಣದ ಬೆಲ್ಲ ಬೇಗ ಬೇಗ ಕರಗುತ್ತಿತ್ತು. ಕಲ್ಲಯ್ಯ ಹಿಂಬಾಗಿಲಿನಿಂದ ಹೊರಗೆ ಹೋಗುವಾಗ ಬಿಸಿಲಿದ್ದರೂ ಶಲ್ಯ ಹೊದ್ದಿರುತ್ತಿದ್ದ. ಎದುರಾದರೆ ಕಣ್ಣು ತಪ್ಪಿಸುತ್ತಿದ್ದ.

"ಅವನನ್ನು ಮಠದಿಂದ ಕಳಿಸಿಬಿಡಿ. ನೀವು ಹೂಂ ಅಂದರೆ ಸಾಕು, ಉಳಿದದ್ದು ನನಗಿರಲಿ" ಎಂದ ಅಡವಯ್ಯ.

ಅಜ್ಜನವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. "ಕೂಡು ತಮ್ಮಾ, ಅವಸರವೇನು? ಕಳಿಸುವುದೇ ಆದರೆ ಅವನು ಒಂದು ತುತ್ತು ಉಂಡ ಮೇಲೆ ಕಳಿಸೋಣ" ಎಂದು ಕತೆ ಹೇಳತೊಡಗಿದರು.

ಕಾಲುವೆಯ ಕೆಳಗೆ ಒಬ್ಬ ರೈತನಿದ್ದ. ಅವನದು ನೆಲ್ಲಿನ ಗದ್ದೆ. ನೆಲ್ಲಿನ ಗದ್ದೆಗೆ ಗೊಬ್ಬರಕ್ಕಿಂತ ಮೊದಲು ಬೇಕಾದದ್ದು ಮಟ್ಟ. ನೆಲ ಮಟ್ಟವಿದ್ದರೆ ನೀರು ಎಲ್ಲ ಸಸಿಗೂ ಸಮನಾಗಿ ಸಿಗುತ್ತದೆ. ಇಲ್ಲವಾದರೆ ಒಂದು ಕಡೆ ಸಸಿ ಮುಳುಗಿ ಕೊಳೆಯುತ್ತದೆ, ಇನ್ನೊಂದು ಕಡೆ ನಿಂತಲ್ಲೇ ಒಣಗುತ್ತದೆ.

ಅವನ ಬದುವಿಗೆ ಹತ್ತಿಕೊಂಡು ಇನ್ನೊಬ್ಬನ ಗದ್ದೆ ಇತ್ತು. ಇವನ ನಾಟಿಗೆ ಆ ಮನೆಯವರೆಲ್ಲ ಬರುವುದು, ಅವನ ನಾಟಿಗೆ ಈ ಮನೆಯವರೆಲ್ಲ ಹೋಗುವುದು ಅಪ್ಪಂದಿರ ಕಾಲದಿಂದ ಬಂದ ಮುಯ್ಯಿ. ಕೂಲಿಯವರನ್ನು ಹುಡುಕಿಕೊಂಡು ಹೋದ ನೆನಪು ಎರಡೂ ಮನೆಗೆ ಇರಲಿಲ್ಲ.

ರೈತನ ಟ್ರ್ಯಾಕ್ಟರಿನ ಹಿಂದೆ ಮಣ್ಣು ಎಳೆಯುವ ಬ್ಲೇಡು ಇತ್ತು. ಅದು ಗಿಡ್ಡ. ಎಳೆದ ಮಣ್ಣು ಎರಡೂ ತುದಿಯಿಂದ ಸೋರಿಹೋಗುತ್ತಿತ್ತು. ಅದನ್ನು ಕಂಬಾರನ ಹತ್ತಿರ ಒಯ್ದು, ಉದ್ದ ಮಾಡಿ ಎರಡು ಪಕ್ಕಕ್ಕೂ ತಗಡು ಬೆಸೆದು ಕೊಡು ಎಂದ. ಕಂಬಾರ ಹೇಳಿದಂತೆ ಮಾಡಿದ. ರೈತ ಬ್ಲೇಡು ತರಲು ಹೋದಾಗ ಪಕ್ಕದ ಗದ್ದೆಯವನು ಕುಲುಮೆಯ ಮುಂದೆ ಕೂತು ಕಂಬಾರನ ಜೊತೆ ಚಹಾ ಕುಡಿಯುತ್ತಿದ್ದ. ಇವನನ್ನು ಕಂಡು ಇಬ್ಬರೂ ಮಾತು ನಿಲ್ಲಿಸಿದರು. ಯಾರಾದರೂ ಬಂದರೆ ಜನ ಮಾತು ನಿಲ್ಲಿಸುತ್ತಾರೆ, ಅದೇನು ದೊಡ್ಡ ವಿಷಯವೇ? ಆದರೂ ಅದು ರೈತನಿಗೆ ಹಲ್ಲಿನ ಸಂದಿಯ ನಾರಿನ ಹಾಗೆ ಸಿಕ್ಕಿಕೊಂಡಿತು.

ಮನೆಗೆ ಬಂದು, ಅಂಗಳದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ, ಬ್ಲೇಡನ್ನು ಹಿಂದಿನ ತೋಳುಗಳಿಗೆ ಸಿಕ್ಕಿಸಿದ. ಆ ತೋಳುಗಳಲ್ಲಿ ಒಂದಕ್ಕೆ ತಿರುಗಿಸುವ ಹಿಡಿ ಇರುತ್ತದೆ. ಅದನ್ನು ತಿರುಗಿಸಿದರೆ ಬ್ಲೇಡಿನ ಒಂದು ತುದಿ ಏರುತ್ತದೆ ಇಲ್ಲವೆ ಇಳಿಯುತ್ತದೆ. ನಮ್ಮ ರೈತ ಕಣ್ಣಳತೆಯನ್ನು ನಂಬುವವನಲ್ಲ. ಗೋಡೆ ಕಟ್ಟುವ ಗೌಂಡಿಯ ಹತ್ತಿರ ಮಟ್ಟ ನೋಡುವ ರಸಮಟ್ಟ ಕೇಳಿ ತಂದು ಬ್ಲೇಡಿನ ಬೆನ್ನ ಮೇಲೆ ಇಟ್ಟ. ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ಬಂದು ನಿಲ್ಲುವವರೆಗೂ ಹಿಡಿ ತಿರುಗಿಸಿದ. ಇನ್ನು ಬ್ರಹ್ಮ ಬಂದರೂ ತಪ್ಪು ಹಿಡಿಯಲಾರ ಎಂದುಕೊಂಡು ಗದ್ದೆಗೆ ಹೋದ.

ಒಂದು ದಿಕ್ಕಿಗೆ ಮಣ್ಣು ಎಳೆದ, ಬ್ಲೇಡು ಎತ್ತಿಕೊಂಡು ಖಾಲಿ ಮರಳಿದ, ಮತ್ತೆ ಅದೇ ದಿಕ್ಕಿಗೆ ಎಳೆದ. ಆ ಸೀಮೆಯ ಪದ್ಧತಿಯೇ ಹಾಗೆ. ಸರದಿ ಬಂದು ಕಾಲುವೆಯ ನೀರು ಬಿಟ್ಟಾಗ ನೋಡುತ್ತಾನೆ, ನೀರೆಲ್ಲ ಪಕ್ಕದವನ ಬದುವಿನ ಕಡೆಗೆ ವಾಲಿದೆ! ಈ ಕಡೆ ಮಣ್ಣು ಒಣ ಬೆನ್ನು ತೋರಿಸಿಕೊಂಡು ಬಿದ್ದಿದೆ. ಆ ಕಡೆ ಬದು ಒಡೆದು, ಇವನ ಪಾಲಿನ ನೀರು ಪಕ್ಕದ ಗದ್ದೆಗೆ ಸುರಿಯುತ್ತಿದೆ.

ಅಯ್ಯೋ, ಎಂಥ ಸಂಕಟ! ಸಸಿಮಡಿಯಲ್ಲಿ ಸಸಿ ಬಲಿಯುತ್ತಿತ್ತು. ಇನ್ನೊಂದು ಸರದಿಯ ಹೊತ್ತಿಗೆ ನೆಲ ಮಟ್ಟವಾಗದಿದ್ದರೆ ಆ ವರ್ಷದ ಬೆಳೆಗೆ ಎಳ್ಳುನೀರು. ರೈತ ಟ್ರ್ಯಾಕ್ಟರನ್ನು ಮನೆಗೆ ತಂದು, ಅಂಗಳದಲ್ಲಿ ಮೊದಲಿನಂತೆಯೇ ನಿಲ್ಲಿಸಿ ಮತ್ತೆ ರಸಮಟ್ಟ ಇಟ್ಟ. ಗುಳ್ಳೆ ನಡುವೆಯೇ ಇತ್ತು. ಬ್ಲೇಡು ಬಿಚ್ಚಿ, ಒರೆಸಿ, ಮತ್ತೆ ಸಿಕ್ಕಿಸಿ ನೋಡಿದ. ಗುಳ್ಳೆ ಮತ್ತೆ ನಡುವೆಗೇ ಬಂತು. ಗದ್ದೆಗೆ ಹೋಗಿ ಎಳೆದರೆ ಮತ್ತೆ ಅದೇ ಓರೆ.

ಅಜ್ಜನವರು ಇಲ್ಲಿ ಕತೆ ನಿಲ್ಲಿಸಿದರು. "ನೀನಾಗಿದ್ದರೆ ಏನೆನ್ನುತ್ತಿದ್ದೆ, ಅಡವಯ್ಯಾ?"

"ಅದರಲ್ಲಿ ಕೇಳುವುದೇನಿದೆ, ಅಜ್ಜಾರೇ? ಕಂಬಾರ, ಪಕ್ಕದವನು ಇಬ್ಬರೂ ಕೂಡಿ ಮಾಡಿದ ಮಸಲತ್ತು. ಚಹಾ ಕುಡಿದದ್ದೇ ಅದಕ್ಕೆ."

"ಭಲೆ! ರೈತನೂ ಹಾಗೇ ಅಂದ."

ಅಂದುಕೊಂಡು ಸುಮ್ಮನಿದ್ದರೆ ಬೇರೆ ಮಾತು. ಅನುಮಾನ ಸುಮ್ಮನಿರುವ ಜಾತಿಯಲ್ಲವಲ್ಲ! ಪಕ್ಕದವನು ಒಡೆದ ಬದುವಿಗೆ ಮಣ್ಣು ಹಾಕಿ ಮುಚ್ಚಿದ. ಕಳವು ಮುಚ್ಚಿಕೊಳ್ಳುತ್ತಿದ್ದಾನೆ ಎಂದುಕೊಂಡ ರೈತ. ನಾಟಿ ಯಾವಾಗ ಎಂದು ಪಕ್ಕದವನ ಹೆಂಡತಿ ಕೇಳಿದಳು. ಗುಟ್ಟು ತಿಳಿಯಲು ಕಳಿಸಿದ್ದಾನೆ ಎಂದುಕೊಂಡ. ಕಂಬಾರ ದಾರಿಯಲ್ಲಿ ಸಿಕ್ಕು, ಬ್ಲೇಡು ಹೇಗಿದೆ ಎಂದು ವಿಚಾರಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವನನ್ನು ಯಾರೂ ಏನೂ ಅನ್ನುವ ಮೊದಲೇ ಮುಟ್ಟಿಕೊಳ್ಳುತ್ತಿದ್ದಾನಲ್ಲ ಎಂದು ರೈತ ಒಳಗೊಳಗೇ ಕುದಿದ.

ಕೊನೆಗೆ ಓಣಿಯವರನ್ನು ಕೂಡಿಸಿ, ಇಬ್ಬರನ್ನೂ ಅಂಗಳಕ್ಕೆ ಕರೆಸಿದ. ಎಲ್ಲರ ಎದುರಿಗೆ ಬ್ಲೇಡಿನ ಮೇಲೆ ರಸಮಟ್ಟ ಇಟ್ಟು ತೋರಿಸಿದ. "ನೋಡಿ, ಮನೆಯಲ್ಲಿ ನೇರ, ಗದ್ದೆಯಲ್ಲಿ ಓರೆ. ಇಲ್ಲಿ ಸಾಧುವಿನಂತೆ ಕಾಣುವ ಹಾಗೆ, ಅಲ್ಲಿ ಕಳ್ಳತನ ಮಾಡುವ ಹಾಗೆ ಬೆಸೆದಿದ್ದಾನೆ. ಯಾರ ಗದ್ದೆಗೆ ನೀರು ಹೋಯಿತೋ ಅವನೇ ಮಾಡಿಸಿದ್ದಾನೆ" ಎಂದ.

ಕಂಬಾರನಿಗೆ ಕಾರಣ ಗೊತ್ತಿರಲಿಲ್ಲ. ಗುಳ್ಳೆಯನ್ನು ನೋಡಿದ, ಬೆಸುಗೆಯನ್ನು ನೋಡಿದ, ಗೊತ್ತಾಗದೆ ತಲೆ ತಗ್ಗಿಸಿ ಹೋದ. ಪಕ್ಕದವನು ಮಾತ್ರ ಒಂದು ಮಾತು ಹೇಳಿದ. "ಕಳ್ಳರನ್ನು ನಿನ್ನ ಗದ್ದೆಗೆ ಇಳಿಸಬೇಡಪ್ಪ. ನಾವು ನಾಟಿಗೆ ಬರುವುದಿಲ್ಲ."

ಮರುದಿನ ಬೆಳಗ್ಗೆ ರೈತನ ತಾಯಿ ಎಂದಿನಂತೆ ಅಂಗಳ ತೊಳೆಯಲು ಹೊಸ್ತಿಲ ಬಳಿ ಒಂದು ಕೊಡ ನೀರು ಸುರಿದಳು. ನೀರು ಟ್ರ್ಯಾಕ್ಟರಿನ ಮನೆಕಡೆಯ ಗಾಲಿಯನ್ನು ಸವರಿಕೊಂಡು ಬಂತು. ಬೀದಿಕಡೆಯ ಗಾಲಿಯ ಸುತ್ತ ನಿಂತಿತು. ಆಮೇಲೆ ಚರಂಡಿಗೆ ಇಳಿಯಿತು.

ಕಟ್ಟೆಯ ಮೇಲೆ ಕೂತಿದ್ದ ರೈತ ಅದನ್ನು ನೋಡಿದ. ಅಂಬೆಗಾಲಿಡುವ ಕಾಲದಿಂದ ನೋಡಿದ ನೀರೇ ಅದು. ಮಳೆಯ ನೀರು ಹೊಸ್ತಿಲಿಗೆ ಬರಬಾರದೆಂದು ಯಾರೇ ಮನೆ ಕಟ್ಟಲಿ, ಅಂಗಳವನ್ನು ಬೀದಿಯ ಕಡೆಗೆ ಇಳಿಜಾರು ಮಾಡುತ್ತಾರೆ. ಇವನ ಅಂಗಳವೂ ಇಳಿಜಾರು. ಅಲ್ಲಿ ಟ್ರ್ಯಾಕ್ಟರ್ ಓರೆಯಾಗಿ ನಿಂತಿತ್ತು. ಓರೆಯಾಗಿ ನಿಂತ ಟ್ರ್ಯಾಕ್ಟರಿಗೆ ಇವನು ಬ್ಲೇಡನ್ನು ನೇರವಾಗಿ ಕಟ್ಟಿದ್ದ. ಗದ್ದೆಗೆ ಹೋಗಿ ಟ್ರ್ಯಾಕ್ಟರ್ ನೇರವಾದ ಕೂಡಲೇ ಬ್ಲೇಡು ಓರೆಯಾಗುತ್ತಿತ್ತು. ರಸಮಟ್ಟ ಸುಳ್ಳು ಹೇಳಿರಲಿಲ್ಲ. ಕಂಬಾರನೂ ಮೋಸ ಮಾಡಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ರೈತ ಅವಳಿಗಿಂತ ಮೇಲು ನೋಡು, ನೆಲವೇ ಡೊಂಕಿದ್ದಾಗ ಅದೊಂದನ್ನು ಬಿಟ್ಟು ಊರನ್ನೆಲ್ಲ ಡೊಂಕು ಅಂದ!

ಟ್ರ್ಯಾಕ್ಟರನ್ನು ಮಟ್ಟವಾದ ಕಲ್ಲುಹಾಸಿನ ಮೇಲೆ ನಿಲ್ಲಿಸಿ ಹಿಡಿ ತಿರುಗಿಸಿದ. ಬ್ಲೇಡು ಸರಿಯಾಯಿತು. ಗದ್ದೆಯೂ ಅಂಗೈಯಂತೆ ಮಟ್ಟವಾಯಿತು. ಆಮೇಲೆ ನಾಚಿಕೆ ನುಂಗಿಕೊಂಡು ಪಕ್ಕದವನ ಮನೆಗೆ ಹೋದ. ಅವನು ಬಾ ಎಂದ, ಚಾಪೆ ಹಾಸಿದ, ಮಜ್ಜಿಗೆ ಕೊಡಿಸಿದ. ರೈತ ತನ್ನದೇ ತಪ್ಪು ಎಂದ. ಆಗಲಿ ಬಿಡಪ್ಪ ಎಂದ ಅವನು. ನಾಟಿಗೆ ಬರುತ್ತೇನೆ ಎಂದು ಮಾತ್ರ ಅನ್ನಲಿಲ್ಲ. ಸಿಟ್ಟು ಮಾಡಿದ್ದರೆ ಕಾಲು ಹಿಡಿಯಬಹುದಿತ್ತು. ಸಿಟ್ಟೇ ಇಲ್ಲದವನ ಯಾವ ಕಾಲು ಹಿಡಿಯುವುದು? ನೀರಿನ ಸರದಿ ಬಂತು. ಗದ್ದೆಯ ತುಂಬ ನೀರು ಸಮನಾಗಿ ನಿಂತಿತು. ಊರಿಗೆಲ್ಲ ಒಂದೇ ಸಲ ನಾಟಿ, ಕೂಲಿಗೆ ಯಾರೂ ಸಿಗಲಿಲ್ಲ. ನಾಟಿಗೆ ಇಳಿದವರು ರೈತ, ಅವನ ಹೆಂಡತಿ, ಮುದುಕಿ ತಾಯಿ. ಅರ್ಧ ಗದ್ದೆ ಮುಗಿಯುವಷ್ಟರಲ್ಲಿ ಉಳಿದ ಸಸಿ ಬಲಿತು ನಾಟಿಗೆ ಬಾರದಂತಾಯಿತು.

ಅಜ್ಜನವರು ಕತೆ ಮುಗಿಸಿದರು. ಆ ರೈತನ ಮೇಲೆ ಅಡವಯ್ಯನಿಗೆ ಮರುಕ ಬಂದಿತ್ತು. ಆದರೆ ಕಲ್ಲಯ್ಯನ ಶಲ್ಯ ಕಣ್ಣ ಮುಂದಿನಿಂದ ಸರಿದಿರಲಿಲ್ಲ. "ರೈತ ಅವಸರಪಟ್ಟ, ಅಜ್ಜಾರೇ. ನಾನು ಹಾಗಲ್ಲ. ಯುಗಾದಿಯಿಂದ ಈಚೆಗೆ ಒಂದು ದಿನವೂ ತಪ್ಪದೆ ಕಲ್ಲಯ್ಯನನ್ನು ನೋಡಿದ್ದೇನೆ. ನನ್ನ ಅಳತೆಯಲ್ಲಿ ತಪ್ಪಿಲ್ಲ" ಎಂದ. ಹೇಳುತ್ತ ಹೇಳುತ್ತ ಅವನ ಕೈ ಹಳೆಯ ರೂಢಿಯಂತೆ ಉಡಿದಾರಕ್ಕೆ ಹೋಗಿ, ಏನೂ ಸಿಗದೆ ಅಲ್ಲೇ ನಿಂತಿತು.

ಅಜ್ಜನವರು ಆ ಕೈಯನ್ನು ನೋಡಿ ಕೇಳಿದರು: "ಬೀಗದ ಕೈ ಅಲ್ಲಿದ್ದಾಗ ಕಲ್ಲಯ್ಯ ಹೇಗೆ ಕಾಣುತ್ತಿದ್ದ, ತಮ್ಮಾ?"

ಅಡವಯ್ಯ ಉಡಿದಾರದಿಂದ ಕೈ ತೆಗೆದ.