ಮಲ್ಲಿಗೆಗೆ ನೀರು ತೋರಿಸಿದ ಮಂಚ

ಹತ್ತಿರ ಬನ್ನಿ, ಇನ್ನೂ ಹತ್ತಿರ. ನಗು ಬಂದರೆ ತಡಕೋಬೇಡಿ, ನಗು ಬರದಿದ್ದರೆ ನನ್ನ ಬೈಯಬೇಡಿ. ಒಂದೂರಲ್ಲಿ ಸಾಕಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಮಂಚ ಅಂತ. ಹೆಸರು ಮಂಚ, ತಲೆಯೂ ಮರವೇ! ಮೈಯಲ್ಲಿ ಕಸುವಿತ್ತು, ಮನಸ್ಸಲ್ಲಿ ಕಪಟ ಇರಲಿಲ್ಲ, ಹೇಳಿದ ಕೆಲಸಕ್ಕೆ ಒಲ್ಲೆ ಅಂದವನಲ್ಲ. ಕಷ್ಟ ಇದ್ದದ್ದೇ ಅಲ್ಲಿ. ಹೇಳಿದ್ದನ್ನ ಹೇಳಿದ ಹಾಗೇ ಮಾಡುತ್ತಿದ್ದ. ಒಂದು ಸಲ ಅವ್ವ, "ಒಲೆ ಮೇಲೆ ಕಣ್ಣಿಟ್ಟಿರು" ಅಂದಿದ್ದಕ್ಕೆ ಒಲೆ ಮೇಲೆ ಬಗ್ಗಿ ಎರಡು ಹುಬ್ಬೂ ಸುಟ್ಟುಕೊಂಡಿದ್ದ.

ಸಾಕಮ್ಮನಿಗೆ ಒಬ್ಬ ಮಗಳೂ ಇದ್ದಳು, ಚೆಲುವಿ. ಕೊಟ್ಟ ಮನೆಯಲ್ಲಿ ಬಸುರಿ. ತವರಿಗೆ ಕರಕೊಂಡು ಬಂದು ಹೂ ಮುಡಿಸೋ ಶಾಸ್ತ್ರ ಮಾಡಬೇಕು, ಉದ್ದ ಜಡೆಗೆ ಮಲ್ಲಿಗೆ ಮೊಗ್ಗು ಹೆಣೆದು ಮೊಗ್ಗಿನ ಜಡೆ ಹಾಕಬೇಕು. ಚೆಲುವಿಯ ಅತ್ತೆ ಹೊಂಬಾಳಮ್ಮ ಮೊದಲೇ ಹೇಳಿಕಳಿಸಿದ್ದಳು: "ಮೊಗ್ಗು ತವರಿನ ಬಳ್ಳೀದೇ ಆಗ್ಬೇಕು. ಸಂತೆ ಹೂವ ಮುಡಿಸಿದ್ರೆ ನಮ್ಮ ಕಡೆಯೋರು ಆಡ್ಕೋತಾರೆ." ಹೊಂಬಾಳಮ್ಮನ ಬಾಯಿ ಅಂದರೆ ಊರಿಗೇ ನಡುಕ. ಬಡವಳ ಮಗಳು ಅಂತ ಚೆಲುವಿ ಆ ಮನೆಯಲ್ಲಿ ಕೇಳಿದ ಮಾತು ಸಾಕಾಗಿತ್ತು, ಇನ್ನೊಂದು ಮಾತು ಬರಬಾರದು ಅಂತ ತಾಯಿಯ ಸಂಕಟ.

ಹಿತ್ತಲಲ್ಲಿ ಇದ್ದದ್ದು ಎರಡೇ. ಚಪ್ಪರಕ್ಕೆ ಹಬ್ಬಿದ ಮಲ್ಲಿಗೆ ಬಳ್ಳಿ ಒಂದು, ಗೋಡೆ ಮೂಲೆಯಲ್ಲಿ ಮುಳ್ಳು ಮುಳ್ಳಾಗಿ ಕೂತ ಲೋಳೆಸರ ಒಂದು. ನೆಂಟರನ್ನ ಕರೆಯೋಕೆ ಹೊರಟ ಸಾಕಮ್ಮ ಮಗನ್ನ ಕೂರಿಸಿ ಹೇಳಿದಳು:

"ಮಂಚ, ಮಲ್ಲಿಗೆ ಸುಕುಮಾರಿ ಕಣೋ. ದಿನಾ ಬೆಳಿಗ್ಗೆ ನೀರು ತೋರಿಸು. ಲೋಳೆಸರ ಹಂಗಲ್ಲ, ಮೊಂಡು. ಅದಕ್ಕೆ ನೀರು ತೋರಿಸ್ಲೇಬೇಡ. ತಿಳೀತಾ?"

"ತಿಳೀತವ್ವ!"

ತಿಳೀತಂತೆ! ಬೆಳಿಗ್ಗೆ ಎದ್ದ, ತಂಬಿಗೆ ತುಂಬಿದ, ಮಲ್ಲಿಗೆ ಮುಂದೆ ಹಿಡಿದ. "ನೋಡು ಮಲ್ಲಿಗೆ, ನೀರು! ಕಾಣ್ತಾ? ಚೆನ್ನಾಗಿ ನೋಡ್ಕೊ!" ನೋಡಿಸಿದ, ತಿರುಗಿ ಹಂಡೆಗೆ ಸುರಿದ. ಲೋಳೆಸರದ ಮುಂದೆ ಹಾದು ಹೋಗುವಾಗ ಮಾತ್ರ ತಂಬಿಗೇನ ಪಂಚೆಯೊಳಗೆ ಬಚ್ಚಿಟ್ಟುಕೊಂಡು, "ಏನಿಲ್ಲ, ಏನಿಲ್ಲ, ಸುಮ್ನೆ ಬಂದೆ" ಅನ್ನುತ್ತಿದ್ದ.

ಸಾಕಮ್ಮ ಬಂದು ನೋಡಿದರೆ ಬಳ್ಳಿ ಜೋತು ಬಿದ್ದಿತ್ತು.

"ಅಯ್ಯೋ ನನ್ನ ಕರ್ಮವೇ! ನೀರು ತೋರಿಸ್ಲಿಲ್ವೇನೋ?"

"ದಿನಾ ತೋರಿಸ್ದೆ ಕಣವ್ವ! ಕಣ್ತುಂಬ ನೋಡ್ತು!"

"ಬರೀ ತೋರಿಸಿದ್ರೆ ಹೊಟ್ಟೆ ತುಂಬುತ್ತೇನೋ ಪೆದ್ದೆ? ಹುಯ್ಯಬೇಕು! ಬುಡ ನೆನೆಯೋ ಹಂಗೆ ಕೊಡಗಟ್ಲೆ ಹುಯ್ಯಬೇಕು!"

"ಓಹೋ, ಹಂಗೋ! ಮೊದ್ಲೇ ಹೇಳ್ಬಾರ್ದಾ?"

ಆವತ್ತಿಂದ ಹುಯ್ದ ನೋಡಿ! ಮಲ್ಲಿಗೆಗೂ ಹುಯ್ದ, ಲೋಳೆಸರಕ್ಕೂ ಹುಯ್ದ. ಮಲ್ಲಿಗೆ ತಲೆಯೆತ್ತಿತು, ಮೊಗ್ಗು ಕಟ್ಟಿತು. ಲೋಳೆಸರ ಬುಡದಲ್ಲಿ ಕೊಳೆತು ನಾರತೊಡಗಿತು.

"ಥೂ ನಿನ್ನ! ಲೋಳೆಸರಕ್ಕೆ ನೀರು ಬೇಡ ಅಂದಿರ್ಲಿಲ್ವಾ?"

"ತೋರಿಸ್ಬೇಡ ಅಂದೆ, ತೋರಿಸ್ಲಿಲ್ಲ. ಹಿಂದಿನಿಂದ ಮೆತ್ತಗೆ ಹೋಗಿ ಹುಯ್ದೆ. ಅದಕ್ಕೆ ಗೊತ್ತೇ ಆಗ್ಲಿಲ್ಲ!"

ಸಾಕಮ್ಮ ತಲೆ ಮೇಲೆ ಕೈ ಹೊತ್ತಳು. "ಅದಕ್ಕೆ ನೀರೂ ಬೇಡ, ಮಣ್ಣೂ ಬೇಡ, ಗಾಳೀಲೇ ಬದುಕೋ ಜೀವ ಅದು. ಕೊಳೀದೆ ಉಳಿದಿರೋ ಮರಿ ಒಂದೈತೆ, ಅದನ್ನ ತಗೊಂಡು ತಲೆಬಾಗಿಲಿಗೆ ತಲೆಕೆಳಗಾಗಿ ಕಟ್ಟು. ಬಸುರಿ ಬರೋ ಮನೆ, ದೃಷ್ಟಿ ಆಗ್ಬಾರ್ದು. ಅಷ್ಟಾದ್ರೂ ನೆಟ್ಟಗೆ ಮಾಡು!"

ಶಾಸ್ತ್ರದ ದಿನ ಬಂತು. ಹೊಂಬಾಳಮ್ಮ ಸೊಸೇನ ಕರಕೊಂಡು ಬಂದು ಗಾಡಿ ಇಳಿದಳು. ಹೊಸಲಿಗೆ ಕಾಲಿಡಬೇಕು, ಎದುರಿಗೆ ಒಂದು ಮುಖ! ಗಡ್ಡ ಮೇಲೆ, ಜುಟ್ಟು ಕೆಳಗೆ! ಸೂರಿನ ತೊಲೆಗೆ ಮೊಣಕಾಲು ಸಿಕ್ಕಿಸಿಕೊಂಡು ಮಂಚ ಬಾವಲಿ ಹಾಗೆ ಜೋತಾಡುತ್ತಿದ್ದ, ಕೈಯಲ್ಲಿ ದಾರ, ದಾರದಲ್ಲಿ ಲೋಳೆಸರ.

"ಅಯ್ಯಯ್ಯೋ!" ಅಂತ ಹೊಂಬಾಳಮ್ಮ ಹಿಂದಕ್ಕೆ ಹಾರಿದಳು. "ಏನ್ರೀ ಬೀಗ್ರೇ, ದೃಷ್ಟಿಗೆ ಅಂತ ಮಗನ್ನೇ ಕಟ್ಟಿದ್ದೀರಾ?"

"ತಲೆಕೆಳಗಾಗಿ ಕಟ್ಟು ಅಂದ್ಲು ಅವ್ವ. ತಲೆಗೆ ರಕ್ತ ಇಳೀತಾ ಐತೆ ಅತ್ತೇ, ಸ್ವಲ್ಪ ಗಂಟು ಹಿಡ್ಕೋತೀರಾ?"

ಚೆಲುವಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಅತ್ತೆ ನಗಲಿಲ್ಲ. ಸಾಕಮ್ಮನಿಗೆ ನೆಲ ಬಾಯಿ ಬಿಡಬಾರದಾ ಅನ್ನಿಸಿತು. ಮಗನ್ನ ಇಳಿಸಿ, ಗಿಡಾನ ತಾನೇ ತಿರುಗಿಸಿ ಕಟ್ಟಿ, ಬೀಗಿತ್ತಿಗೆ ಮಣೆ ಹಾಕಿದಳು. ಕೂರೋ ಹೆಂಗಸೇ ಅವಳು? ಸೀದಾ ಅಡುಗೆಮನೆಗೆ ನುಗ್ಗಿ, "ಒಬ್ಬಟ್ಟು ಹಿಂಗೇನ್ರೀ ಬೇಯಿಸೋದು?" ಅಂತ ಕೈ ಹಾಕಿದಳು. ಕಾದ ಹೆಂಚು ಚುರ್ ಅಂತು.

"ಮಂಚಾ! ಓಡು, ಬಾಗಿಲಲ್ಲಿರೋ ಲೋಳೆಸರದ ಎಲೆ ಒಂದು ತಂದು ಅತ್ತೆ ಕೈಗೆ ಉಜ್ಜು! ತಂಪಾಗುತ್ತೆ!"

ಓಡಿದ, ತಂದ, ಉಜ್ಜಿದ. ಮುಳ್ಳಿನ ಅಂಚಲ್ಲೇ ಉಜ್ಜಿದ!

"ಸತ್ತೆ! ಸತ್ತೆ! ಗರಗಸ ಇಟ್ಟು ಕೊಯ್ತಾನಲ್ರೀ!"

ಸಾಕಮ್ಮ ಎಲೆ ಕಿತ್ತುಕೊಂಡು, ಸಿಪ್ಪೆ ಹೆರೆದು, ಒಳಗಿನ ಲೋಳೆ ಹಚ್ಚಿದಳು. ಉರಿ ಆರಿತು. ಮಗನ್ನ ಮಾತ್ರ ಹಿತ್ತಲಿಗೆ ಎಳಕೊಂಡು ಹೋಗಿ ಕಿವಿ ಹಿಂಡಿದಳು. "ಹಂಗೇ ತರ್ತಾರೇನೋ? ಸಿಪ್ಪೆ ಸುಲೀಬೇಕು! ಒಳಗಿರೋ ತಿರುಳು ಮಾತ್ರ ತರಬೇಕು! ಹೋಗ್ಲಿ, ಈಗ ಬುಟ್ಟಿ ತಗೊಂಡು ಮಲ್ಲಿಗೆ ಮೊಗ್ಗು ಕಿತ್ಕೊಂಡು ಬಾ."

ಬಹಳ ಹೊತ್ತಾಯಿತು, ಮಂಚ ಬರಲಿಲ್ಲ. ಹೋಗಿ ನೋಡಿದರೆ, ಬುಟ್ಟಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಮೊಗ್ಗಿನ ಎಸಳು ಸುಲಿಯುತ್ತಿದ್ದ! ಎಸಳಿನ ರಾಶಿ ಒಂದು ಕಡೆ, ಬುಟ್ಟಿ ಖಾಲಿ.

"ಏನೋ ಇದು!"

"ಎಷ್ಟು ಸುಲಿದ್ರೂ ಬರೀ ಸಿಪ್ಪೇನೇ ಕಣವ್ವ! ತಿರುಳೇ ಇಲ್ಲ! ಈ ಗಿಡ ಮೋಸದ್ದು!"

ಅಷ್ಟು ಹೊತ್ತು ಬೈದವಳು ಈಗ ಬೈಯಲಾರದೆ ಅತ್ತೇಬಿಟ್ಟಳು. ಅವಳ ಅಳು ನೋಡಿ ಮಂಚನಿಗೂ ಅಳು ಬಂತು. ಬಳ್ಳಿಯಲ್ಲಿ ಉಳಿದದ್ದು ಒಂದು ಜಡೆಗೆ ಸಾಕಾಗುವಷ್ಟು, ಅಷ್ಟೇ. ಸಾಕಮ್ಮ ಮೂಗು ಒರೆಸಿಕೊಂಡು ಬೆರಳು ತೋರಿಸಿ ಹೇಳಿದಳು: "ಕೇಳಿಲ್ಲಿ. ಇನ್ನು ಒಂದು ಮೊಗ್ಗು ಕಿತ್ತರೂ ನಾನು ನಿನ್ನ ಅವ್ವ ಅಲ್ಲ! ಸುಲೀಬೇಡ, ಕೀಳಬೇಡ! ಆರತಿ ಹೊತ್ತಿಗೆ ಇವಿಷ್ಟೂ ನಿನ್ನ ಅಕ್ಕನ ಜಡೇಲಿರಬೇಕು. ಜಡೆ ಹೆಣೆಯೋ ನಂಜವ್ವನ್ನ ಕರ್ಕೊಂಡು ಬರ್ತೀನಿ, ಅಲ್ಲೀವರೆಗೂ ಕಾಯ್ತಿರು!"

ಅವ್ವ ಹೋದಳು. ಮಂಚ ಯೋಚನೆಗೆ ಬಿದ್ದ. ಕೀಳಬಾರದು, ಜಡೇಲಿರಬೇಕು. ಕೀಳಬಾರದು, ಜಡೇಲಿರಬೇಕು. ಅಷ್ಟರಲ್ಲಿ ಚೆಲುವಿ, "ಒಳಗೆ ಸೆಕೆ ಕಣೋ ಮಂಚ" ಅಂತ ಬಂದು ಚಪ್ಪರದ ಕೆಳಗೆ ಚಾಪೆ ಹಾಕಿಕೊಂಡಳು. ಕಂಬಕ್ಕೆ ಒರಗಿದವಳಿಗೆ ಜೋಂಪು ಹತ್ತಿತು. ಉದ್ದ ಜಡೆ ಬಳ್ಳಿಯ ಮೇಲೆ ಬಿದ್ದಿತ್ತು. ಮಂಚನ ಮುಖ ಅರಳಿತು!

ಸಾಕಮ್ಮ ನಂಜವ್ವನ ಜೊತೆ ಬಂದಳು. ಹೆಂಗಸರು ಆರತಿ ತಟ್ಟೆ ಹಿಡಿದು ಬಂದರು. ಮುಂದೆ ಹೊಂಬಾಳಮ್ಮ. "ಏಳಮ್ಮ ಚೆಲುವಿ."

ಚೆಲುವಿ ಎದ್ದಳು. ಚಪ್ಪರವೂ ಅಲ್ಲಾಡಿತು. "ಅವ್ವಾ! ನನ್ನ ಜಡೆ!"

ಜಡೆಯ ಒಂದು ಎಳೆ ಕೂದಲು, ಒಂದು ಎಳೆ ಬಳ್ಳಿ, ಇನ್ನೊಂದು ಎಳೆ ಮತ್ತೆ ಕೂದಲು. ನೆತ್ತಿಯಿಂದ ತುದಿವರೆಗೂ ಹಸಿ ಮೊಗ್ಗು, ಎಲೆ ಸಮೇತ, ಬೇರು ಸಮೇತ!

"ಒಂದೂ ಕೀಳ್ಲಿಲ್ಲ ಕಣವ್ವ!" ಅಂದ ಮಂಚ ಎದೆಯುಬ್ಬಿಸಿ. "ಎಲ್ಲಾ ಅಕ್ಕನ ಜಡೇಲೇ ಅವೆ!"

ಸಾಕಮ್ಮ ಕಣ್ಣು ಮುಚ್ಚಿಕೊಂಡಳು, ಇನ್ನು ಈ ಮಾತು ಮಗಳ ಜೀವಮಾನಕ್ಕೂ ಸಾಕು ಅಂತ. ಹೊಂಬಾಳಮ್ಮ ಬಗ್ಗಿ ನೋಡಿದಳು, ಜಡೆ ಎಳೆದು ನೋಡಿದಳು, ಬಳ್ಳಿಯ ಬುಡದವರೆಗೂ ನೋಡಿದಳು. ಆಮೇಲೆ ಅವಳ ಹೊಟ್ಟೆ ಕುಲುಕತೊಡಗಿತು. ಸುಟ್ಟ ಕೈ ಮರೆತು ಚಪ್ಪಾಳೆ ತಟ್ಟಿ, ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕಳು.

"ನಾನು ತವರಿನ ಮೊಗ್ಗು ಕೇಳಿದ್ರೆ ನೀವು ಹಿತ್ತಲನ್ನೇ ಮುಡಿಸಿದ್ದೀರಲ್ರೀ! ನಮ್ಮ ಕಡೆ ಯಾವ ಸೊಸೇಗೂ ಬುಡ ಸಮೇತ ಜಡೆ ಹಾಕಿಲ್ಲ ಕಣ್ರೀ! ಯಾರು ಏನು ಆಡ್ಕೋತಾರೋ ನಾನೂ ನೋಡ್ತೀನಿ. ತನ್ನಿ ಆರತಿ, ಇಲ್ಲೇ ಎತ್ತೋಣ!"

ಚಪ್ಪರದ ಕೆಳಗೇ ಆರತಿ ಎತ್ತಿದರು, ಹಾಡು ಹೇಳಿದರು, ಮಡಿಲು ತುಂಬಿದರು. ಸಾಕಮ್ಮ ಅಳುತ್ತಾ ನಗುತ್ತಾ ಮಗನ ತಲೆ ಸವರಿದಳು. "ಹೆಂಗೋ ನನ್ನ ಮರ್ಯಾದೆ ಉಳೀತು ಕಣೋ. ಒಬ್ಬಟ್ಟು ಬಡಿಸ್ತೀನಿ, ಅಷ್ಟರಲ್ಲಿ ಅಕ್ಕನ್ನ ಬಿಡಿಸು. ನಿಧಾನವಾಗಿ, ಚೆಂದಾಗಿ ಬಿಡಿಸು."

ಎಲೆ ಹಾಕಿದರು, ಬಡಿಸಿದರು. ಎಲ್ಲರೂ ಬಂದರು, ಚೆಲುವಿ ಬರಲಿಲ್ಲ. ಸಾಕಮ್ಮ ಹಿತ್ತಲಿಗೆ ಓಡಿದಳು. ಚೆಲುವಿ ಬಳ್ಳಿಗೆ ಕಟ್ಟಿದ ಹಾಗೇ ಕೂತಿದ್ದಳು. ಮಂಚ ಇದ್ದಿಲು ಹಿಡಿದು, ನಾಲಿಗೆ ಕಚ್ಚಿಕೊಂಡು, ಸುಣ್ಣ ಬಳಿದ ಗೋಡೆ ಮೇಲೆ ಅಕ್ಕನ ಚಿತ್ರ ಗೀಚುತ್ತಿದ್ದ.

"ಏನೋ ಮಾಡ್ತಿದ್ದೀಯ!"

"ಬಿಡಿಸ್ತಾ ಇದ್ದೀನವ್ವ! ಅಕ್ಕ ಮುಗಿದ್ಲು. ಹೊಟ್ಟೆ ಒಳಗಿರೋದು ಹೆಣ್ಣೋ ಗಂಡೋ ಹೇಳ್ಬಿಡು, ಅದನ್ನೂ ಬಿಡಿಸಿ ಊಟಕ್ಕೆ ಬರ್ತೀನಿ!"