ಕೆಂಡಗುಡ್ಡದ ಬೆಳಗಿನ ಕೂಗು

ಮಕ್ಕಳೇ, ಕೆಂಡಗುಡ್ಡವನ್ನು ನೀವು ನೋಡಿಲ್ಲ, ನಾನೂ ನೋಡಿಲ್ಲ. ಅದರ ನೆತ್ತಿಯಿಂದ ಸದಾ ಹೊಗೆ ಏಳುತ್ತಿತ್ತಂತೆ, ಹೊಟ್ಟೆಯೊಳಗೆ ಬೆಂಕಿ ಕುದಿಯುತ್ತಿತ್ತಂತೆ. "ಅಯ್ಯೋ, ಅಂಥ ಕಡೆ ಯಾರಾದರೂ ಇರುತ್ತಾರಾ?" ಅನ್ನಬೇಡಿ. ಇದ್ದರು! ಮುಳ್ಳುಹಂದಿ, ಆಮೆ, ಓತಿಕ್ಯಾತ, ಮೊಲಗಳು, ಎಲ್ಲರೂ ಆ ಇಳಿಜಾರಿನ ಕಾಡಿನಲ್ಲೇ ಸಂಸಾರ ಹೂಡಿದ್ದರು.

ಬೂದಿ ಬಿದ್ದ ಮಣ್ಣಿನಲ್ಲಿ ಸೀಬೆಹಣ್ಣು ಎಷ್ಟು ಸಿಹಿ ಅಂತೀರಿ! ಚಳಿಗೆ ಮೈ ಕಾಯಿಸಲು ಬಿಸಿನೀರಿನ ಹೊಂಡ ಬೇರೆ. ಬೂದಿ ಸುರಿದ ದಿನ ಒಬ್ಬರ ಬಿಲದ ಬಾಯಿಯನ್ನು ಇನ್ನೊಬ್ಬರು ಗುಡಿಸಿಕೊಡುತ್ತಿದ್ದರು. "ಗುಡ್ಡಜ್ಜನಿಗೆ ಇವತ್ತು ಕೆಮ್ಮು ಕಣ್ರಪ್ಪಾ" ಎಂದು ನಗುತ್ತಾ ಕೆಲಸಕ್ಕೆ ಹೋಗುತ್ತಿದ್ದರು. ಅವರಿಗೆ ಭಯವಿರಲಿಲ್ಲ ಅಂತಲ್ಲ. ಭಯದ ಜೊತೆ ಬಾಳುವುದನ್ನು ಕಲಿತಿದ್ದರು. ನನಗಂತೂ ಅವರನ್ನು ನೆನೆದರೆ ಹೆಮ್ಮೆಯಾಗುತ್ತದೆ.

ಒಂದು ದಿನ ಬಯಲಿನಿಂದ ಚುಕ್ಕಮ್ಮ ಎಂಬ ಕಾಡುಕೋಳಿ ಅಲ್ಲಿಗೆ ಬಂದಳು. ಹೋದ ಸಲ ಅವಳ ಮೊಟ್ಟೆಗಳನ್ನೆಲ್ಲ ನರಿ ತಿಂದುಬಿಟ್ಟಿತ್ತು, ಪಾಪ. "ಈ ಸಲವಾದರೂ ನನ್ನ ಮರಿಗಳ ಮುಖ ನೋಡಬೇಕಜ್ಜಿ" ಎಂದು ಆಮೆಯ ಮುಂದೆ ಕಣ್ಣೀರು ಹಾಕಿದಳು.

ಆಮೆಯ ಹೆಸರು ಚಿಪ್ಪಜ್ಜಿ. "ಅಳಬೇಡ ಮಗಳೇ. ಇಲ್ಲಿ ನರಿ ಬರಲ್ಲ, ಅದಕ್ಕೆ ಗುಡ್ಡಜ್ಜ ಅಂದರೆ ನಡುಕ. ನೀನು ಕಾವು ಕೂರೋದೂ ಬೇಡ. ಬೆಚ್ಚಗಿನ ಮರಳಲ್ಲಿ ಮೊಟ್ಟೆ ಹೂತಿಡು, ಗುಡ್ಡಜ್ಜನೇ ಕಾವು ಕೊಡ್ತಾನೆ."

"ಹೌದಾ! ಕೂರೋದೇ ಬೇಡವಾ?" ಚುಕ್ಕಮ್ಮನಿಗೆ ಸ್ವರ್ಗವೇ ಸಿಕ್ಕಂತಾಯಿತು.

"ಒಂದು ಕೆಲಸ ಮಾತ್ರ ತಪ್ಪಿಸೋ ಹಾಗಿಲ್ಲ" ಎಂದಳು ಅಜ್ಜಿ. "ಬೆಳಗ್ಗೆ ಬಾಯಿಗೆ ಏನೂ ಹಾಕಿಕೊಳ್ಳೋ ಮೊದಲು ಮರಳಿಗೆ ಕಾಲಿಟ್ಟು ನೋಡಬೇಕು. ಹಿತವಾಗಿದ್ದರೆ 'ಹಿತ' ಅಂತ ಕೂಗು. ಸುಟ್ಟರೆ 'ಸುಡುತ್ತೆ' ಅನ್ನು. ಬಿಸಿ ಮೇಲಿನಿಂದ ಕೆಳಗೆ ಇಳಿಯುತ್ತೆ. ಮೇಲಿನವರ ಕೂಗು ಕೇಳಿಯೇ ಕೆಳಗಿನವರು ಮೊಟ್ಟೆ ಸಾಗಿಸೋದು."

ಚುಕ್ಕಮ್ಮ ಎಲ್ಲರಿಗಿಂತ ಮೇಲೆ, ಹೆಚ್ಚು ಬೆಚ್ಚಗಿದ್ದ ಜಾಗವನ್ನೇ ಹಿಡಿದಳು. ಹಾಗಾಗಿ ಮೊದಲ ಕೂಗು ಅವಳ ಪಾಲಿಗೆ ಬಂತು.

ಮೊದಮೊದಲು ಶ್ರದ್ಧೆಯಿಂದ ಕಾಲಿಟ್ಟು ನೋಡಿದಳು. ದಿನವೂ ಹಿತ, ದಿನವೂ ಹಿತ. ಬರಬರುತ್ತಾ ಬೇಜಾರಾಯಿತು. 'ನಿನ್ನೆ ಇದ್ದದ್ದೇ ಇವತ್ತೂ ಇರುತ್ತೆ, ಅದಕ್ಕೋಸ್ಕರ ಯಾಕೆ ಇಳಿಯಲಿ?' ಎಂದುಕೊಂಡು ಸೀಬೆಮರದ ಕೊಂಬೆಯಲ್ಲೇ ಕೂತು, ಅರ್ಧ ಕಣ್ಣು ಮುಚ್ಚಿಕೊಂಡು "ಹಿತಾ!" ಎಂದು ಕೂಗತೊಡಗಿದಳು. ನೋಡಿದಿರಾ ಮೈಗಳ್ಳಿಯ ಬುದ್ಧಿ!

ಅವತ್ತು ಬೆಳಗ್ಗೆ ಗುಡ್ಡದ ನೆತ್ತಿಯಲ್ಲಿ ಹೊಗೆಯೇ ಇರಲಿಲ್ಲ. 'ಆಹಾ, ಎಂಥ ಒಳ್ಳೆ ದಿನ!' ಎಂದುಕೊಂಡ ಚುಕ್ಕಮ್ಮ ಕೊಂಬೆಯಿಂದಲೇ "ಹಿತಾ!" ಎಂದಳು. ಅದನ್ನು ನಂಬಿ ಕೆಳಗಿನವರು ಇನ್ನೂ ಹಿತವಾಗಿಯೇ ಇದ್ದ ತಮ್ಮ ತಮ್ಮ ಮರಳು ಮುಟ್ಟಿ ನೋಡಿ, ಸೊಪ್ಪು ಹುಡುಕಲು ಹೊರಟರು.

ಮುಳ್ಳುಹಂದಿ ಸೂಜಪ್ಪನ ಕಾಲಡಿಯಲ್ಲಿ ಇರುವೆಗಳ ಸಾಲೊಂದು ಓಡಿ ಬಂತು. ಎಲ್ಲದರ ಬಾಯಲ್ಲೂ ಬಿಳಿ ಮೊಟ್ಟೆ.

"ಏನ್ರೇ, ಎಲ್ಲಿಂದ ಬಂದ್ರಿ?"

"ಮೇಲಿನಿಂದ, ಸೂಜಪ್ಪ! ಅಲ್ಲಿ ಕಾಲಿಡೋಕೆ ಆಗಲ್ಲ!"

ಸೂಜಪ್ಪ ಮೇಲಕ್ಕೆ ತಿರುಗಿದ. "ಸುಡುತ್ತೆ! ಮೇಲೆ ಸುಡುತ್ತೆ!" ಎಂದು ಕಾಡೆಲ್ಲ ಕೇಳುವಂತೆ ಅರಚಿದ.

ಚುಕ್ಕಮ್ಮ ಕೊಂಬೆಯಿಂದ ಧುಮುಕಿದಳು. ಕಾಲು ಚುರುಕ್ಕೆಂದಿತು. ಆದರೂ ಮರಳು ಕೆದಕಿದಳು, ಹಾರಿದಳು, ಮತ್ತೆ ಕೆದಕಿದಳು. ಮೊಟ್ಟೆ ಸಿಗಲೊಲ್ಲವು. "ಅಯ್ಯೋ, ನನ್ನ ಮಕ್ಕಳು! ಯಾರಾದರೂ ಬನ್ನಿ!"

ತಿರುಗಿ ನೋಡಿದರೆ ಎಲ್ಲರೂ ಏದುಸಿರು ಬಿಡುತ್ತಾ ಏರು ಹತ್ತಿ ಬರುತ್ತಿದ್ದರು. ಸೂಜಪ್ಪ ಎರಡೂ ಕೈಯಲ್ಲಿ ಅಗೆದ. ಚಿಪ್ಪಜ್ಜಿ ತನ್ನ ಗಟ್ಟಿ ಚಿಪ್ಪಿನಿಂದ ಬಿಸಿ ಮರಳನ್ನು ಪಕ್ಕಕ್ಕೆ ನೂಕಿದಳು. ಮೊಲಗಳು ಒದ್ದೆ ಬಾಳೆಲೆಯಲ್ಲಿ ಮೊಟ್ಟೆ ಸುತ್ತಿ ಕೆಳಗೆ ಎಳೆದುಕೊಂಡು ಹೋದವು.

"ಅಜ್ಜಿ, ನಿಮ್ಮ ಮೊಟ್ಟೆಗಳು?" ಚುಕ್ಕಮ್ಮ ಅಳುತ್ತಾ ಕೇಳಿದಳು.

"ಮೊದಲು ಮೇಲಿನ ಗೂಡು, ಆಮೇಲೆ ಕೆಳಗಿನದು. ಇಲ್ಲಿ ನಾವು ಬದುಕಿರೋದೇ ಹೀಗೆ. ಮಾತು ಸಾಕು, ಎಳಿ!"

ಆಮೇಲೆ ಓತಿಕ್ಯಾತನ ಗೂಡು, ಕೊನೆಗೆ ಅಜ್ಜಿಯದು. ಬಿಸಿಲು ಏರುವಷ್ಟರಲ್ಲಿ ಎಲ್ಲ ಮೊಟ್ಟೆಗಳೂ ಗುಡ್ಡದ ಬುಡದ ಹಳ್ಳದ ದಡದಲ್ಲಿ ಇನ್ನೂ ಹಿತವಾಗಿದ್ದ ಮರಳು ಸೇರಿದವು. ಸುಟ್ಟ ಕಾಲನ್ನು ಹಳ್ಳದ ತಣ್ಣೀರಿನಲ್ಲಿಟ್ಟು ಚುಕ್ಕಮ್ಮ ತಲೆ ತಗ್ಗಿಸಿದಳು.

"ನಾನು ಮುಟ್ಟಿಯೇ ನೋಡಿರಲಿಲ್ಲ, ಅಜ್ಜಿ. ಸುಮ್ಮನೆ ಕೂಗಿದೆ."

ಯಾರೂ ಬೈಯಲಿಲ್ಲ. ಚಿಪ್ಪಜ್ಜಿ ಮಾತ್ರ ನಿಧಾನವಾಗಿ ಅಂದಳು: "ಗುಡ್ಡಜ್ಜ ಮೋಸ ಮಾಡಲಿಲ್ಲ ಮಗಳೇ. ಬೆಳಗ್ಗೆಯೇ ಮರಳು ಕಾಯಿಸಿ ಹೇಳಿದ್ದ. ನೀನು ಕೇಳಿಸಿಕೊಳ್ಳಲಿಲ್ಲ."

ಕೆಲವು ದಿನಗಳಲ್ಲಿ ಮೊಟ್ಟೆ ಒಡೆದು ಮರಿಗಳು ಚಿಂವ್ ಚಿಂವ್ ಎಂದು ಹೊರಬಂದವು. ಚುಕ್ಕಮ್ಮನ ಸಂತೋಷ ಹೇಳತೀರದು. ಆದರೆ ಒಂದು ಮೊಟ್ಟೆ ಮಾತ್ರ ಒಡೆಯಲೇ ಇಲ್ಲ. ಅವಳು ಅದರ ಪಕ್ಕದಲ್ಲಿ ಎಷ್ಟೋ ಹೊತ್ತು ಕೂತಿದ್ದಳು.

ಗುಡ್ಡ ತಣ್ಣಗಾದ ಮೇಲೆ ಅವಳು ಮತ್ತೆ ಮೇಲಿನ ಜಾಗಕ್ಕೇ ಹೋದಳು. "ಮೊದಲ ಕೂಗು ನನಗೇ ಇರಲಿ" ಎಂದು ಕೇಳಿಕೊಂಡಳು. ಎಲ್ಲರೂ ಒಪ್ಪಿದರು. ಅಂದಿನಿಂದ ದಿನವೂ ಬೆಳಗ್ಗೆ ಚುಕ್ಕಮ್ಮ ಕುಂಟುತ್ತಾ ಬಂದು ಆ ಸುಟ್ಟ ಕಾಲನ್ನೇ ಮರಳಿನಲ್ಲಿ ಊರುತ್ತಿದ್ದಳು. ಮರಿಗಳೂ ಸಾಲಾಗಿ ನಿಂತು ಪುಟ್ಟ ಪುಟ್ಟ ಕಾಲು ಊರುತ್ತಿದ್ದವು. ಅವಳು ತುಂಬ ಹೊತ್ತು ಹಾಗೇ ನಿಂತು, ಚೆನ್ನಾಗಿ ನೋಡಿ, ಆಮೇಲೆಯೇ ಬಾಯಿ ತೆರೆಯುತ್ತಿದ್ದಳು.

ಕೆಳಗೆ ಎಲ್ಲರೂ ಹಸಿದುಕೊಂಡು ಕಾಯುತ್ತಿದ್ದರು. "ಬೇಗ ಕೂಗು" ಎಂದು ಒಬ್ಬರೂ ಅವಸರ ಮಾಡುತ್ತಿರಲಿಲ್ಲ.

ನೀತಿ: ನಮ್ಮ ಮಾತನ್ನು ನಂಬಿ ಹತ್ತು ಜನ ಬದುಕುವಾಗ, ಮುಟ್ಟಿ ನೋಡದೆ ಮಾತಾಡಬಾರದು.